ಎರಡು ವರ್ಷದ ಕಾಲೇಜಿನಲ್ಲಿ ಪಾರ್ಕ್ಸ್, ರಿಕ್ರಿಯೇಶನ್, ಟೂರಿಸಂ: ಯಾವ ಡಿಗ್ರಿ, ಏನು ಕಲಿಕೆ, ಮುಂದೇನು?

ಕೊಲಂಬಸ್ ಕನ್ನಡತಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವಿರುವುದು ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ. ಮಗಳು ಈಗ 11ನೇ ತರಗತಿ. ಇಲ್ಲೇ ಹುಟ್ಟಿದವಳು, ಅಮೆರಿಕದ ಪ್ರಜೆ. ಪಾರ್ಕ್ಸ್, ರಿಕ್ರಿಯೇಶನ್ ಆ್ಯಂಡ್ ಟೂರಿಸಂ ರಿಸೋರ್ಸಸ್ ಓದಬೇಕೆಂದು ನಿರ್ಧರಿಸಿದ್ದಾಳೆ. ಮೊದಲ ಎರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ ಓದಿ, ಆಮೇಲೆ ಬೇಕೆನಿಸಿದರೆ ನಾಲ್ಕು ವರ್ಷದ ಪದವಿಗೆ ಹೋಗುವ ಯೋಚನೆ ಅವಳದು. ನಮ್ಮ ಬಳಗದಲ್ಲಿ ಈ ವಿಷಯ ಓದಿದವರು ಯಾರೂ ಇಲ್ಲದ್ದರಿಂದ ಬಲ್ಲವರನ್ನು ಕೇಳುತ್ತಿದ್ದೇನೆ.

ಕಾಲೇಜುಗಳ ಪಟ್ಟಿಯಲ್ಲಿ ಎ.ಎಸ್. (ಅಸೋಸಿಯೇಟ್ ಆಫ್ ಸೈನ್ಸ್) ಎಂದೂ ಎ.ಎ.ಎಸ್. (ಅಸೋಸಿಯೇಟ್ ಆಫ್ ಅಪ್ಲೈಡ್ ಸೈನ್ಸ್) ಎಂದೂ ಬೇರೆ ಬೇರೆ ಡಿಗ್ರಿಗಳಿವೆ. ಯಾವುದನ್ನು ಆರಿಸಬೇಕು? ತರಗತಿಯಲ್ಲಿ ನಿಜವಾಗಿ ಕಲಿಸುವುದೇನು, ಅದರಲ್ಲಿ ಕೈಗೆ ಕೆಲಸ ಸಿಗುವಂಥದ್ದು ಎಷ್ಟು? ಪಕ್ಕದಲ್ಲಿ ಯಾವ ಸರ್ಟಿಫಿಕೇಟುಗಳನ್ನು ಮಾಡಿಕೊಳ್ಳಬೇಕು? ರೇಂಜರ್ ಕೆಲಸಕ್ಕೆ ಎರಡು ವರ್ಷದ ಓದು ಸಾಕೆ?

ಜೊತೆಗೆ ಇನ್ನೊಂದು. ಶಿವಮೊಗ್ಗದಲ್ಲಿರುವ ನನ್ನ ಅಣ್ಣನ ಮಗ ದ್ವಿತೀಯ ಪಿಯುಸಿ. ಇದೇ ಕೋರ್ಸಿಗೆ ವಿದ್ಯಾರ್ಥಿ ವೀಸಾದಲ್ಲಿ ಬರಬಹುದೇ ಎಂದು ಕೇಳುತ್ತಿದ್ದಾನೆ. ಅವನಿಗೂ ಏನು ಹೇಳಲಿ?

ಕ್ರೆಡಿಟ್ ಲೆಕ್ಕ (ಉತ್ತರ)

ಡಿಗ್ರಿಯ ಪ್ರಶ್ನೆಯನ್ನೇ ಮೊದಲು ಬಗೆಹರಿಸಿಕೊಳ್ಳಿ. ಇಲ್ಲಿ ಎಡವಿದರೆ ಒಂದು ವರ್ಷದ ಶ್ರಮವೇ ನಷ್ಟವಾಗುತ್ತದೆ.

ಎರಡೂ ಸುಮಾರು 60 ಕ್ರೆಡಿಟ್‌ನ ಡಿಗ್ರಿಗಳೇ. ನಾಲ್ಕು ವರ್ಷದ ಪದವಿ 120. ವ್ಯತ್ಯಾಸ ಇರುವುದು ಆ 60ರ ಒಳಗೆ. ಎ.ಎಸ್. ಮುಂದೆ ಓದುವವರಿಗೆ ಮಾಡಿದ್ದು: ಅರ್ಧಕ್ಕಿಂತ ಹೆಚ್ಚು ಪಾಲು ಇಂಗ್ಲಿಷ್ ಬರವಣಿಗೆ, ಗಣಿತ, ಪ್ರಯೋಗಾಲಯ ಸಹಿತ ವಿಜ್ಞಾನ, ಸಮಾಜ ವಿಜ್ಞಾನ. ಎ.ಎ.ಎಸ್. ನೇರ ಕೆಲಸಕ್ಕೆ ಹೋಗುವವರಿಗೆ: ಸಾಮಾನ್ಯ ವಿಷಯಗಳು 15-20 ಕ್ರೆಡಿಟ್ ಇದ್ದರೆ ಉಳಿದದ್ದೆಲ್ಲ ಟ್ರೇಲ್ (ಕಾಲುಹಾದಿ) ಕಟ್ಟುವುದು, ಯಂತ್ರೋಪಕರಣ, ಪಾರ್ಕ್ ನಿರ್ವಹಣೆ, ಇಂಟರ್ನ್‌ಶಿಪ್. ಈ ಎರಡನೆಯ ಬಗೆಯ ಕ್ರೆಡಿಟ್‌ಗಳನ್ನು ವಿಶ್ವವಿದ್ಯಾಲಯಗಳು ತೆಗೆದುಕೊಂಡರೂ ಬಹಳ ಸಲ ‘ಐಚ್ಛಿಕ’ ಎಂದು ಬರೆದುಕೊಳ್ಳುತ್ತವೆ. ಅಂದರೆ ಲೆಕ್ಕದಲ್ಲಿ 60 ಬಂದಿರುತ್ತದೆ, ಆದರೆ ಪದವಿಗೆ ಬೇಕಾದ ಕಡ್ಡಾಯ ವಿಷಯಗಳು ಹಾಗೇ ಬಾಕಿ ಇರುತ್ತವೆ. ಎರಡು ವರ್ಷದಲ್ಲಿ ಮುಗಿಯಬೇಕಾದದ್ದು ಮೂರಾಗುವುದು ಹೀಗೆ.

ಒಹಾಯೊದಲ್ಲಿ ಇದಕ್ಕೊಂದು ರಕ್ಷಣೆ ಇದೆ. ‘ಒಹಾಯೊ ಟ್ರಾನ್ಸ್‌ಫರ್ 36’ ಎಂಬ ವ್ಯವಸ್ಥೆಯಲ್ಲಿ ಗುರುತಿಸಿದ ಸಾಮಾನ್ಯ ಶಿಕ್ಷಣದ ಕೋರ್ಸುಗಳನ್ನು ರಾಜ್ಯದ ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಗಳೆಲ್ಲ ಪರಸ್ಪರ ಒಪ್ಪಲೇಬೇಕು. ಮಗಳು ಯಾವ ಡಿಗ್ರಿ ಆರಿಸಿದರೂ ಸಾಮಾನ್ಯ ವಿಷಯಗಳನ್ನು ಈ ಪಟ್ಟಿಯೊಳಗಿನಿಂದಲೇ ತೆಗೆದುಕೊಳ್ಳಲಿ. ಮುಖ್ಯವಾಗಿ ಗಣಿತ. ಎ.ಎ.ಎಸ್. ವಿದ್ಯಾರ್ಥಿಗಳಿಗೆ ಟೆಕ್ನಿಕಲ್ ಮ್ಯಾತ್ ಸುಲಭದ ದಾರಿಯಾಗಿ ಕಾಣುತ್ತದೆ, ಮುಂದೆ ಅದು ಎಣಿಕೆಗೆ ಬರದೆ ಹೋಗಬಹುದು. ಅದರ ಬದಲು ಸ್ಟಾಟಿಸ್ಟಿಕ್ಸ್ ಮಾಡಿದರೆ ವರ್ಗಾವಣೆಗೂ ಆಯಿತು, ಪ್ರವಾಸಿಗರ ಸಮೀಕ್ಷೆ ಮಾಡುವಾಗ ಕೆಲಸಕ್ಕೂ ಬಂತು. ಕ್ಯಾಲ್ಕುಲಸ್ ಈ ವಿಷಯಕ್ಕೆ ಸಾಮಾನ್ಯವಾಗಿ ಬೇಕಿಲ್ಲ. ವಿಜ್ಞಾನದಲ್ಲಿ ಲ್ಯಾಬ್ ಇರುವ ಜೀವಶಾಸ್ತ್ರ ಅಥವಾ ಭೂವಿಜ್ಞಾನ ತೆಗೆದುಕೊಳ್ಳಲಿ.

ಕ್ರಮ ಹೀಗಿರಲಿ. ಸೇರುವ ಕಾಲೇಜನ್ನು ಹುಡುಕುವ ಮೊದಲು ಮುಂದೆ ಹೋಗಬಹುದಾದ ಎರಡು ವಿಶ್ವವಿದ್ಯಾಲಯಗಳನ್ನು ಗುರುತು ಹಾಕಿಕೊಳ್ಳಿ. ಅವುಗಳ ಪಾರ್ಕ್ಸ್ ಅಥವಾ ರಿಕ್ರಿಯೇಶನ್ ಪದವಿಯ ನಾಲ್ಕು ವರ್ಷದ ಯೋಜನೆಯ ಹಾಳೆ ತೆಗೆದು, ಮೊದಲ ಎರಡು ವರ್ಷದ ಕೋರ್ಸುಗಳ ಎದುರಿಗೆ ಕಮ್ಯುನಿಟಿ ಕಾಲೇಜಿನ ಕೋರ್ಸ್ ಸಂಖ್ಯೆ ಬರೆಯಿರಿ. ಎದುರಿಗೆ ಏನೂ ಸಿಗದ ಸಾಲುಗಳೇ ನಿಮ್ಮ ಪ್ರಶ್ನೆಗಳು. ಅವನ್ನು ವಿಶ್ವವಿದ್ಯಾಲಯದ ವರ್ಗಾವಣೆ ಸಲಹೆಗಾರರಿಗೆ ಇಮೇಲ್‌ನಲ್ಲೇ ಕೇಳಿ, ಉತ್ತರ ಬರಹದಲ್ಲಿ ಇಟ್ಟುಕೊಳ್ಳಿ. ಎರಡೂ ಸಂಸ್ಥೆಗಳ ನಡುವೆ ವರ್ಗಾವಣೆ ಒಪ್ಪಂದ ಇದ್ದರೆ ಅದು ಯಾವ ವರ್ಷ ಸೇರಿದವರಿಗೆ ಅನ್ವಯಿಸುತ್ತದೆ ಎಂಬುದನ್ನೂ ನೋಡಿ. ಹಳೆಯ ಒಪ್ಪಂದದ ಹಾಳೆ ವೆಬ್‌ಸೈಟಿನಲ್ಲಿ ಹಾಗೇ ಉಳಿದಿರುವುದುಂಟು.

ಮಗಳು ಇನ್ನೂ 11ನೇ ತರಗತಿಯಲ್ಲಿದ್ದಾಳಾದ್ದರಿಂದ ‘ಕಾಲೇಜ್ ಕ್ರೆಡಿಟ್ ಪ್ಲಸ್’ ಬಿಡಬೇಡಿ. ಸರ್ಕಾರಿ ಶಾಲೆಯ ಮಕ್ಕಳು ಸರ್ಕಾರಿ ಕಾಲೇಜಿನ ಕೋರ್ಸುಗಳನ್ನು ಬೋಧನಾ ಶುಲ್ಕವಿಲ್ಲದೆ ಮಾಡಬಹುದು. ಮುಂದಿನ ವರ್ಷ ಮಾಡುವ ಇಚ್ಛೆಯನ್ನು ಶಾಲೆಗೆ ವಸಂತದಲ್ಲೇ ಬರೆದು ತಿಳಿಸಬೇಕು, ಕೊನೆಯ ದಿನಾಂಕವನ್ನು ಈಗಲೇ ಕೌನ್ಸೆಲರ್ ಹತ್ತಿರ ಕೇಳಿ. ಆದರೆ ಅಲ್ಲಿ ಬಂದ ಗ್ರೇಡು ಕಾಲೇಜಿನ ಶಾಶ್ವತ ದಾಖಲೆಗೆ ಸೇರುತ್ತದೆ. ಒಂದೇ ಸಲ ನಾಲ್ಕು ಕೋರ್ಸು ಹೇರಿಕೊಳ್ಳದೆ ಇಂಗ್ಲಿಷ್ ಬರವಣಿಗೆ, ಸ್ಟಾಟಿಸ್ಟಿಕ್ಸ್ ಎರಡನ್ನು ಮುಗಿಸಿದರೂ ದೊಡ್ಡ ಅನುಕೂಲ. ಮೊದಲ ಸೆಮಿಸ್ಟರ್‌ನಲ್ಲೇ ಹೊರಾಂಗಣದ ಕೋರ್ಸುಗಳಿಗೆ ಜಾಗ ಸಿಗುತ್ತದೆ.

ಹಣದ ವಿಷಯ: ಅವಳು ಪ್ರಜೆಯಾದ್ದರಿಂದ ಫಾಫ್ಸಾ (ಫೆಡರಲ್ ವಿದ್ಯಾರ್ಥಿ ನೆರವಿನ) ಅರ್ಜಿ ತುಂಬಿಸಿ. ಕಡಿಮೆ ಆದಾಯದವರಿಗೆ ಸಿಗುವ ಫೆಡರಲ್ ನೆರವು ಪೆಲ್ ಗ್ರಾಂಟ್ 2025-26ಕ್ಕೆ ಗರಿಷ್ಠ 7,395 ಡಾಲರ್. ಆದಾಯ ಹೆಚ್ಚಿದೆ ಎಂದು ಅರ್ಜಿಯನ್ನೇ ಹಾಕದೆ ಕೂರಬೇಡಿ, ಕಾಲೇಜಿನ ಸ್ವಂತ ವಿದ್ಯಾರ್ಥಿವೇತನಗಳಿಗೂ ಹಲವು ಕಡೆ ಅದೇ ಅರ್ಜಿ ಆಧಾರ.

ಹಾದಿ ಕೆಲಸ (ಉತ್ತರ)

ತರಗತಿಯಲ್ಲಿ ಏನು ಕಲಿಸುತ್ತಾರೆ ಎಂಬುದಕ್ಕೆ ಉತ್ತರ ಬರೆಯುತ್ತೇನೆ. ‘ಪಾರ್ಕಿನಲ್ಲಿ ಓದುವುದೇನಿದೆ’ ಎನ್ನುವ ನಿಮ್ಮ ಬಳಗದವರಿಗೂ ಇದನ್ನು ಓದಿಸಿ.

ಮೊದಲನೆಯದು ಟ್ರೇಲ್. ಕಾಲುಹಾದಿಯನ್ನು ಹಾಳುಮಾಡುವುದು ಕಾಲಿಗಿಂತ ಹೆಚ್ಚಾಗಿ ನೀರು. ಹಾಗಾಗಿ ಕೋರ್ಸಿನ ಬಹುಪಾಲು ನೀರಿನ ಲೆಕ್ಕವೇ. ಕ್ಲೈನೋಮೀಟರ್ ಎಂಬ ಅಂಗೈಯಗಲದ ಉಪಕರಣ ಕೈಗೆ ಕೊಡುತ್ತಾರೆ. ಸಮತಟ್ಟು ನೆಲದಲ್ಲಿ ಜೊತೆಗಾರನ ಎದುರು ನಿಂತು ಸೊನ್ನೆ ತೋರಿಸುವಾಗ ನಿಮ್ಮ ದೃಷ್ಟಿ ಅವನ ಮೈಮೇಲೆ ಎಲ್ಲಿ ಬೀಳುತ್ತದೆ ಎಂದು ಗುರುತಿಸಿಕೊಳ್ಳಬೇಕು, ಗದ್ದವೋ ಹಣೆಯೋ. ಅವನು 10-20 ಅಡಿ ಮುಂದೆ ಹೋದಮೇಲೆ ಅದೇ ಗುರುತನ್ನು ನೋಡಿ ಏರನ್ನು ಓದಬೇಕು, ಅಲ್ಲೊಂದು ಬಣ್ಣದ ಪಟ್ಟಿ ಕಟ್ಟಬೇಕು. ಸಾಮಾನ್ಯ ತಪ್ಪೆಂದರೆ ಅಂಕಿಗಳನ್ನು ಅದಲುಬದಲು ಓದುವುದು. ಹೆಚ್ಚಿನ ಕ್ಲೈನೋಮೀಟರ್‌ಗಳಲ್ಲಿ ಒಂದು ಬದಿ ಡಿಗ್ರಿ, ಇನ್ನೊಂದು ಬದಿ ಶೇಕಡ. 10 ಡಿಗ್ರಿ ಎಂದರೆ ಶೇ 17ಕ್ಕಿಂತ ಹೆಚ್ಚು. ಡಿಗ್ರಿಯನ್ನೇ ಶೇಕಡ ಎಂದು ಓದಿ ಹಾಕಿದ ಹಾದಿ ಎರಡು ಮಳೆಗಾಲದಲ್ಲಿ ಕಾಲುವೆಯಾಗುತ್ತದೆ.

ನಿಯಮಗಳು ಸರಳ. ಹಾದಿಯ ಏರು ಗುಡ್ಡದ ಅಡ್ಡ ಇಳಿಜಾರಿನ ಅರ್ಧ ಮೀರಬಾರದು. ಗುಡ್ಡದ ಇಳಿಜಾರು ಶೇ 16 ಇದ್ದರೆ ಹಾದಿ ಶೇ 8ರೊಳಗಿರಬೇಕು. ಮೀರಿದರೆ ನೀರು ಹಾದಿಯನ್ನು ಅಡ್ಡ ದಾಟುವ ಬದಲು ಹಾದಿಯುದ್ದಕ್ಕೂ ಓಡುತ್ತದೆ. ಒಟ್ಟಾರೆ ಸರಾಸರಿ ಏರು ಶೇ 10ರೊಳಗೆ. ನಡೆಯುವ ಪಟ್ಟಿಗೆ ಹೊರಗಡೆಗೆ ಶೇ 5ರಷ್ಟು ವಾಟ, ಗಾರೆಯವರು ಬಚ್ಚಲಿಗೆ ಕೊಡುತ್ತಾರಲ್ಲ ಹಾಗೆ. ಏರುಹಾದಿಯ ನಡುನಡುವೆ ಒಂದು ಸಣ್ಣ ಇಳಿತ ಇಟ್ಟು ಮತ್ತೆ ಏರಿಸಬೇಕು, ಬಂದ ನೀರು ಅಲ್ಲೇ ಹೊರಬೀಳುತ್ತದೆ. ಅಗೆಯುವಾಗ ಮೇಲಿನ ಎಲೆಗೊಬ್ಬರದ ಪದರವನ್ನು ಪೂರ್ತಿ ತೆಗೆದು ಗಟ್ಟಿ ಮಣ್ಣು ಕಾಣುವವರೆಗೆ ಹೋಗಬೇಕು. ಅಗೆದ ಮಣ್ಣನ್ನು ಹೊರ ಅಂಚಿಗೆ ಪೇರಿಸಿ ಅದನ್ನೇ ಅರ್ಧ ಹಾದಿ ಮಾಡುವುದು ಬೇಗ ಮುಗಿಯುವ ಕೆಲಸ, ಆದರೆ ಆ ಅಂಚು ಕುಸಿಯುತ್ತದೆ. ಪೂರ್ತಿ ಅಗಲವನ್ನು ಗುಡ್ಡದಲ್ಲೇ ಕೊರೆಯಬೇಕು. ಕಾಲಕ್ರಮದಲ್ಲಿ ಹೊರ ಅಂಚಿನಲ್ಲಿ ಮಣ್ಣಿನ ಸಣ್ಣ ದಿಂಡು ಏಳುತ್ತದೆ, ಅದು ನೀರನ್ನು ಹಾದಿಯೊಳಗೇ ಕಟ್ಟಿಹಾಕುತ್ತದೆ. ಪ್ರತಿ ವಸಂತದಲ್ಲಿ ಮೆಕ್ಲೌಡ್ (ಒಂದು ಬದಿ ಗುದ್ದಲಿ, ಇನ್ನೊಂದು ಬದಿ ಹಲ್ಲುಗಳಿರುವ ಸಲಕರಣೆ) ಹಿಡಿದು ಆ ದಿಂಡನ್ನು ಎಳೆದು ಹಾಕುವುದು ನಿರ್ವಹಣೆಯ ಅತಿ ಮುಖ್ಯ ಕೆಲಸ.

ಎರಡನೆಯದು ಮಕ್ಕಳ ಆಟದ ಅಂಗಳ. ನಗರ, ಕೌಂಟಿ ಪಾರ್ಕುಗಳಲ್ಲಿ ಮೊಕದ್ದಮೆ ಬರುವ ಜಾಗ ಇದು. ಉಪಕರಣದ ಸುತ್ತ ಎಲ್ಲ ದಿಕ್ಕಿಗೂ ಕನಿಷ್ಠ 6 ಅಡಿ ಬೀಳುವ ಜಾಗ ಬೇಕು. ಜೋಕಾಲಿಗೆ ಹಿಂದೆ ಮುಂದೆ, ಅದು ತೂಗುವ ಕೀಲಿನ ಎತ್ತರದ ಎರಡರಷ್ಟು. ಕೀಲು 8 ಅಡಿಯಲ್ಲಿದ್ದರೆ ಮುಂದೆ 16, ಹಿಂದೆ 16. ಹುಲ್ಲು, ಬರಿ ಮಣ್ಣು ರಕ್ಷಣೆಯ ನೆಲ ಎಂದು ಲೆಕ್ಕಕ್ಕಿಲ್ಲ. ಫೆಡರಲ್ ಗ್ರಾಹಕ ಸುರಕ್ಷತಾ ಆಯೋಗದ ಕೈಪಿಡಿಯಂತೆ 9 ಇಂಚು ಮರದ ಚಕ್ಕೆ 10 ಅಡಿ ಎತ್ತರದ ಬೀಳುವಿಕೆಗೆ ಸಾಕು, ಅದೇ 9 ಇಂಚು ಮರಳು 4 ಅಡಿಗೆ ಮಾತ್ರ. ಚಕ್ಕೆ ಕಾಲಕ್ರಮದಲ್ಲಿ ಕನಿಷ್ಠ ಕಾಲುಭಾಗ ಕುಗ್ಗುವುದರಿಂದ ಹಾಕುವಾಗ 12 ಇಂಚು ಹಾಕಬೇಕು. 9 ಇಂಚು ಹಾಕಿ ಬಿಲ್ಲು ಮುಗಿಸಿದರೆ ಬರಬರುತ್ತಾ 7ಕ್ಕಿಂತ ಕೆಳಗಿಳಿದಿರುತ್ತದೆ. ಆಳ ಅಳೆಯುವುದು ಅಂಗಳದ ನಡುವೆ ಅಲ್ಲ, ಜೋಕಾಲಿಯ ಕೆಳಗೆ ಮತ್ತು ಜಾರುಬಂಡೆಯ ತುದಿಯಲ್ಲಿ. ಮಕ್ಕಳ ಕಾಲು ಚಕ್ಕೆಯನ್ನು ಒದ್ದು ದೂರ ತಳ್ಳುವುದು ಅಲ್ಲೇ.

ಇನ್ನೊಂದು ಅಳತೆ ತಲೆ ಸಿಕ್ಕಿಕೊಳ್ಳುವುದರದ್ದು. 3.5 ಇಂಚಿಗಿಂತ ದೊಡ್ಡದು, 9 ಇಂಚಿಗಿಂತ ಚಿಕ್ಕದು, ಈ ನಡುವಿನ ಕಂಡಿ ಇರಕೂಡದು. ಮಗುವಿನ ಮೈ ಅದರಲ್ಲಿ ತೂರುತ್ತದೆ, ತಲೆ ಹೊರಬರುವುದಿಲ್ಲ. ಸರಳೊಂದು ಸಡಿಲವಾದಾಗ, ಹಲಗೆಯೊಂದು ಒಣಗಿ ಕುಗ್ಗಿದಾಗ ಹೊಸ ಕಂಡಿ ಹುಟ್ಟುತ್ತದೆ. ಅದಕ್ಕೇ ತಪಾಸಣೆ ಒಂದು ಸಲ ಮಾಡಿ ಮುಗಿಸುವಂಥದ್ದಲ್ಲ. ತಪಾಸಣೆಯ ದಿನಾಂಕ, ಕಂಡ ದೋಷ, ಮುಚ್ಚಿದ ದಿನಾಂಕ, ಸರಿಪಡಿಸಿದವರ ಸಹಿ, ಇಷ್ಟೂ ಬರೆದಿಡುವುದನ್ನು ತರಗತಿಯಲ್ಲಿ ಒತ್ತಿ ಹೇಳುತ್ತಾರೆ. ಬರೆಯದ ತಪಾಸಣೆ ನ್ಯಾಯಾಲಯದಲ್ಲಿ ಮಾಡದ ತಪಾಸಣೆಗೆ ಸಮ.

ಮೂರನೆಯದು ಎಣಿಕೆ. ಟೂರಿಸಂ ರಿಸೋರ್ಸಸ್ ಎಂಬ ಹೆಸರಿನ ಕೆಳಗೆ ಬರುವ ನಿಜವಾದ ಕೆಲಸ ಇದು. ಹಾದಿಯ ಬಾಯಲ್ಲಿ ಇನ್‌ಫ್ರಾರೆಡ್ ಕೌಂಟರ್ ಇಡುತ್ತಾರೆ. ಇಬ್ಬರು ಜೊತೆಜೊತೆಗೆ ನಡೆದರೆ ಅದಕ್ಕೆ ಒಬ್ಬರಾಗಿಯೇ ಕಾಣುತ್ತದೆ. ಆದ್ದರಿಂದ ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಗಂಟೆಗಟ್ಟಲೆ ಕುಳಿತು ಕೈಯಲ್ಲಿ ಎಣಿಸಿ ಹೋಲಿಸಬೇಕು. ಯಂತ್ರ 120 ಎಂದು, ಕೈ ಎಣಿಕೆ 150 ಎಂದು ಬಂದರೆ ಗುಣಕ 1.25. ಒಂದು ಹಾದಿಯ ಗುಣಕವನ್ನು ಇನ್ನೊಂದಕ್ಕೆ ಹಾಕುವುದು ತಪ್ಪು: ಅಗಲ ಹಾದಿಯಲ್ಲಿ ಜನ ಸಾಲಾಗಿ ನಡೆಯುವುದಿಲ್ಲ, ಇಕ್ಕಟ್ಟಿನಲ್ಲಿ ನಡೆಯುತ್ತಾರೆ. ನೋಟದ ಕಟ್ಟೆ, ನಕ್ಷೆಯ ಫಲಕದ ಹತ್ತಿರ ಯಂತ್ರ ಇಡಬಾರದು. ಅಲ್ಲಿ ಜನ ಹಿಂದೆ ಮುಂದೆ ಓಡಾಡಿ ಎಣಿಕೆ ಉಬ್ಬುತ್ತದೆ. ವಾಹನ ಕೌಂಟರ್ ಆದರೆ ಒಂದು ಕಾರಿಗೆ ಸರಾಸರಿ ಎಷ್ಟು ಜನ ಎಂಬ ಗುಣಕ ಬೇಕು, ಅದು ವಾರದ ದಿನಕ್ಕೊಂದು, ವಾರಾಂತ್ಯಕ್ಕೊಂದು.

ಎಣಿಸಿದ ಮೇಲೆ ‘ಎಷ್ಟು ಜನ ಜಾಸ್ತಿಯಾಯಿತು’ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಅಮೆರಿಕದ ಅರಣ್ಯ ಸೇವೆ 1985ರಲ್ಲಿ ಒಂದು ವಿಧಾನ ಪ್ರಕಟಿಸಿತು, ‘ಲಿಮಿಟ್ಸ್ ಆಫ್ ಆ್ಯಕ್ಸೆಪ್ಟಬಲ್ ಚೇಂಜ್’. ಎಷ್ಟು ಜನ ಬರಬಹುದು ಎಂದು ಕೇಳುವ ಬದಲು ಈ ಜಾಗದಲ್ಲಿ ಎಷ್ಟು ಬದಲಾವಣೆಯನ್ನು ಸಹಿಸಬಹುದು ಎಂದು ಅದು ಕೇಳುತ್ತದೆ. ಕ್ಯಾಂಪ್ ಜಾಗದ ಸುತ್ತ ಬರಿದಾದ ನೆಲ ಎಷ್ಟು ಚದರ ಅಡಿ, ಒಂದು ಗಂಟೆಯಲ್ಲಿ ಎಷ್ಟು ತಂಡ ಎದುರಾದವು, ಹೀಗೆ ಅಳೆಯಬಲ್ಲ ಸೂಚಕಗಳನ್ನು ಮೊದಲೇ ನಿಗದಿ ಮಾಡಿ, ಮಿತಿ ದಾಟಿದಾಗ ಕ್ರಮ ಕೈಗೊಳ್ಳುವುದು. ಮಿನ್ನೆಸೋಟದ ದೋಣಿಯಾನದ ಕಾಡು ಬೌಂಡರಿ ವಾಟರ್ಸ್‌ನಲ್ಲಿ ತಂಡಕ್ಕೆ 9 ಜನ, 4 ದೋಣಿ ಎಂಬ ಮಿತಿ, ಪ್ರವೇಶ ಬಿಂದುವಿಗೊಂದು ಕೋಟಾ ಇರುವುದು ಇಂಥದೇ ಚಿಂತನೆಯಿಂದ. ಕುಮಾರಪರ್ವತದಂಥ ಕಡೆ ಕರ್ನಾಟಕ ಅರಣ್ಯ ಇಲಾಖೆ ಚಾರಣಿಗರಿಗೆ ಆನ್‌ಲೈನ್ ಬುಕಿಂಗ್ ಮತ್ತು ದಿನದ ಮಿತಿ ತಂದಾಗ ಊರಿನಲ್ಲಿ ನಡೆದ ವಾದಗಳೆಲ್ಲ ಈ ಪಠ್ಯದ ಒಳಗಿನವೇ.

ಇಂಟರ್‌ಪ್ರಿಟೇಶನ್ ಬಗ್ಗೆ ಒಂದೇ ಮಾತು. ಪ್ರವಾಸಿಗರಿಗೆ ವಿವರಿಸುವ 20 ನಿಮಿಷದ ಕಾರ್ಯಕ್ರಮಕ್ಕೆ ವಿಷಯ ಸಾಲದು, ಪೂರ್ತಿ ವಾಕ್ಯದ ಆಶಯ ಬೇಕು. ‘ಹಾಕಿಂಗ್ ಹಿಲ್ಸ್‌ನ ಗುಹೆಗಳು’ (ಒಹಾಯೊದ ಒಂದು ಪಾರ್ಕ್) ಎಂಬುದು ಬರಿ ವಿಷಯ. ‘ಮೇಲೆ ಕೆಳಗೆ ಗಟ್ಟಿ, ನಡುವೆ ಮೆದು ಮರಳುಗಲ್ಲು ಇದ್ದದ್ದರಿಂದಲೇ ನೀವು ನಿಂತಿರುವ ಈ ಸೂರು ಉಳಿದಿದೆ’ ಎಂಬುದು ಆಶಯ. ಎರಡನೆಯದನ್ನು ಬರೆದವರ ಮಾತಿಗೆ ಆರಂಭ, ನಡು, ಕೊನೆ ತಾನಾಗಿ ಬರುತ್ತದೆ.

ಕೊಲಂಬಸ್ ಕನ್ನಡತಿ

ಇಬ್ಬರಿಗೂ ತುಂಬ ಧನ್ಯವಾದ. ಮಗಳಿಗೆ ಓದಿ ಹೇಳಿದೆ. ಆಟದ ಅಂಗಳದ ತಪಾಸಕರ ಸರ್ಟಿಫಿಕೇಟನ್ನು ಮೊದಲ ವರ್ಷದಲ್ಲೇ ಮಾಡಿಬಿಡಲೇ ಎನ್ನುತ್ತಿದ್ದಾಳೆ. ಮತ್ತೆ, ರೇಂಜರ್ ಕೆಲಸದ ಬಗ್ಗೆ ಯಾರಾದರೂ ಬರೆಯುತ್ತೀರಾ?

ಬೇಸಿಗೆ ಹುದ್ದೆ (ಉತ್ತರ)

ಮೊದಲ ವರ್ಷದಲ್ಲಿ ಬೇಡ. ಸಿ.ಪಿ.ಎಸ್.ಐ. ಎಂಬ ಆ ತಪಾಸಕರ ಸರ್ಟಿಫಿಕೇಟಿನ ಅವಧಿ ಮೂರು ವರ್ಷ, ಆಮೇಲೆ ಮತ್ತೆ ಪರೀಕ್ಷೆ. 18ನೇ ವಯಸ್ಸಿನಲ್ಲಿ ಮಾಡಿದರೆ ಅದನ್ನು ಬಳಸುವ ಪೂರ್ಣಾವಧಿ ಕೆಲಸ ಸಿಗುವ ಹೊತ್ತಿಗೆ ಅವಧಿ ಮುಗಿಯುತ್ತ ಬಂದಿರುತ್ತದೆ. ಅಲ್ಲದೆ ಪಾರ್ಕ್ ಇಲಾಖೆಗಳು ಕೆಲಸಕ್ಕೆ ತೆಗೆದುಕೊಂಡ ಮೇಲೆ ತಮ್ಮ ಖರ್ಚಿನಲ್ಲೇ ಇದನ್ನು ಮಾಡಿಸುವುದು ಸಾಮಾನ್ಯ. ಈಜುಕೊಳದ ಆಪರೇಟರ್ ಸರ್ಟಿಫಿಕೇಟಿಗೂ ಇದೇ ಮಾತು.

ಮೊದಲ ವರ್ಷಕ್ಕೆ ಬೇಕಾದದ್ದು ಬೇಸಿಗೆ ಕೆಲಸಕ್ಕೆ ನೇರ ಉಪಯೋಗಕ್ಕೆ ಬರುವಂಥವು. ವೈಲ್ಡರ್‌ನೆಸ್ ಫಸ್ಟ್ ಏಡ್ 16 ಗಂಟೆ, ಒಂದು ವಾರಾಂತ್ಯದಲ್ಲಿ ಮುಗಿಯುತ್ತದೆ. ಇದರ ದೊಡ್ಡಣ್ಣ ವೈಲ್ಡರ್‌ನೆಸ್ ಫಸ್ಟ್ ರೆಸ್ಪಾಂಡರ್ 70-80 ಗಂಟೆ. ಮಕ್ಕಳ ಶಿಬಿರ, ದೋಣಿ ಪ್ರವಾಸ ನಡೆಸುವ ಇರಾದೆ ಇದ್ದರೆ ಮಾತ್ರ ಅದು. ಜನರೆದುರು ಮಾತಾಡುವ ಕೆಲಸ ಇಷ್ಟವಿದ್ದರೆ ಸರ್ಟಿಫೈಡ್ ಇಂಟರ್‌ಪ್ರಿಟಿವ್ ಗೈಡ್, 32 ಗಂಟೆಯ ತರಬೇತಿ. ಕಾಡಿನ ಬೆಂಕಿಯ ಕಡೆ ಒಲವಿದ್ದರೆ ಎಸ್-130, ಎಸ್-190 ಕೋರ್ಸುಗಳು. ಅದರ ಜೊತೆ ದೇಹಶಕ್ತಿಯ ಪರೀಕ್ಷೆ ಉಂಟು: 45 ಪೌಂಡ್ ಹೊರೆ ಹೊತ್ತು 3 ಮೈಲಿಯನ್ನು 45 ನಿಮಿಷದಲ್ಲಿ ನಡೆಯಬೇಕು, ಓಡುವ ಹಾಗಿಲ್ಲ. ಚಳಿಗಾಲದಿಂದಲೇ ಹೊರೆ ಸ್ವಲ್ಪಸ್ವಲ್ಪ ಏರಿಸಿ ಅಭ್ಯಾಸ ಮಾಡದಿದ್ದರೆ ಮೊಣಕಾಲ ಕೆಳಗಿನ ಮುಂಭಾಗದ ನೋವು ನಡಿಗೆಯನ್ನೇ ನಿಲ್ಲಿಸುತ್ತದೆ.

ಈಗ ರೇಂಜರ್ ಪ್ರಶ್ನೆ. ಫೆಡರಲ್ ಸರ್ಕಾರದಲ್ಲಿ ಪಾರ್ಕ್ ರೇಂಜರ್ 0025 ಸರಣಿಯ ಹುದ್ದೆ. ಹೈಸ್ಕೂಲಿನ ನಂತರ ಎರಡು ವರ್ಷ ಓದಿದವರು, ಅದರಲ್ಲಿ ಸಂಬಂಧಿತ ವಿಷಯಗಳೂ ಇದ್ದರೆ, ಜಿಎಸ್-4 ವೇತನ ದರ್ಜೆಗೆ ಅರ್ಹರು. ಜಿಎಸ್-5ಕ್ಕೆ ನಾಲ್ಕು ವರ್ಷದ ಪದವಿ, ಅಥವಾ ಜಿಎಸ್-4 ಮಟ್ಟದ ಒಂದು ವರ್ಷದ ಅನುಭವ. ಅಂದರೆ ಎರಡು ವರ್ಷದ ಓದು ಬಾಗಿಲು ತೆರೆಯುತ್ತದೆ, ಆದರೆ ಸಿಗುವುದು ಬೇಸಿಗೆಯ ತಾತ್ಕಾಲಿಕ ಹುದ್ದೆ, ವರ್ಷಕ್ಕೆ 1,040 ಗಂಟೆಗಿಂತ ಕಡಿಮೆ. ಅಂಥ ಕೆಲವು ಬೇಸಿಗೆಗಳನ್ನು ಜೋಡಿಸಿಯೇ ಜನ ಕಾಯಂ ಹುದ್ದೆಗೆ ಹೋಗುವುದು.

ಎಡವುವುದು ದಿನಾಂಕದಲ್ಲಿ. ಮುಂದಿನ ಬೇಸಿಗೆಯ ಫೆಡರಲ್ ಹುದ್ದೆಗಳು ಯುಎಸ್ಎಜಾಬ್ಸ್ ತಾಣದಲ್ಲಿ ಹಿಂದಿನ ಶರತ್ಕಾಲದಿಂದಲೇ ಬರುತ್ತವೆ, ಕೆಲವು ಒಂದು ವಾರದೊಳಗೆ ಮುಚ್ಚುತ್ತವೆ. ಮಾರ್ಚ್ ತಿಂಗಳಲ್ಲಿ ಹುಡುಕಲು ಶುರು ಮಾಡಿದವರಿಗೆ ಉಳಿದಿರುವುದು ಕಡಿಮೆ. ರಾಜ್ಯ, ಕೌಂಟಿ, ನಗರ ಪಾರ್ಕುಗಳು ಮಾತ್ರ ಜನವರಿಯಿಂದ ಮಾರ್ಚ್‌ವರೆಗೆ ತೆಗೆದುಕೊಳ್ಳುತ್ತವೆ. ರೆಸ್ಯೂಮೆಯಲ್ಲಿ ಪ್ರತಿ ಕೆಲಸದ ಎದುರು ತಿಂಗಳು, ವರ್ಷ, ವಾರಕ್ಕೆ ಎಷ್ಟು ಗಂಟೆ ಎಂದು ಬರೆಯಲೇಬೇಕು. ಗಂಟೆ ಬರೆಯದಿದ್ದರೆ ಆ ಅನುಭವವನ್ನು ಎಣಿಸುವುದೇ ಇಲ್ಲ. ಹಿಂದೆ ಫೆಡರಲ್ ರೆಸ್ಯೂಮೆ ಐದಾರು ಪುಟ ಇರುತ್ತಿತ್ತು, 2025ರಿಂದ ಎರಡು ಪುಟದ ಮಿತಿ ಬಂದಿದೆ. ಹಳೆಯ ಸಲಹೆ ನೋಡಿ ಉದ್ದ ಬರೆಯಬೇಡಿ.

ಸ್ಪರ್ಧೆಯಿಂದ ಸ್ವಲ್ಪ ಪಾರಾಗುವ ದಾರಿ ಎಂದರೆ ಸರ್ಕಾರಿ ನೆಲದಲ್ಲಿ ಯುವಜನರಿಗೆ ಕೆಲಸ ಕೊಡುವ ಫೆಡರಲ್ ಯೋಜನೆ ಪಬ್ಲಿಕ್ ಲ್ಯಾಂಡ್ಸ್ ಕೋರ್ (ಪಿಎಲ್‌ಸಿ). ಇದರಡಿ ಅರ್ಹ ಯೋಜನೆಯಲ್ಲಿ 640 ಗಂಟೆ ಪೂರೈಸಿದವರಿಗೆ ಎರಡು ವರ್ಷದವರೆಗೆ ಫೆಡರಲ್ ಹುದ್ದೆಗಳಲ್ಲಿ ವಿಶೇಷ ಅರ್ಹತೆ ಸಿಗುತ್ತದೆ. 1957ರಲ್ಲಿ ಶುರುವಾದ ಸ್ಟೂಡೆಂಟ್ ಕನ್ಸರ್ವೇಶನ್ ಅಸೋಸಿಯೇಶನ್‌ನಂಥ ಸಂಸ್ಥೆಗಳ ಮೂಲಕ ಹೋಗಬಹುದು. ಸೇರುವ ಮೊದಲೇ ‘ಈ ಹುದ್ದೆಯ ಗಂಟೆಗಳು ಪಿಎಲ್‌ಸಿಗೆ ಎಣಿಕೆಯಾಗುತ್ತವೆಯೇ’ ಎಂದು ಬರಹದಲ್ಲಿ ಕೇಳಿ. ಎಲ್ಲ ಇಂಟರ್ನ್‌ಶಿಪ್‌ಗಳೂ ಎಣಿಕೆಗೆ ಬರುವುದಿಲ್ಲ. 640 ಗಂಟೆ ಎಂದರೆ ವಾರಕ್ಕೆ 40ರಂತೆ 16 ವಾರ. ಕಾಲೇಜಿನ ಬೇಸಿಗೆ ರಜೆ ಸುಮಾರು 12-14 ವಾರ. ಒಂದೇ ಬೇಸಿಗೆಯಲ್ಲಿ ಮುಗಿಯದು, ಎರಡು ಬೇಸಿಗೆಗೆ ಹಂಚಿಕೊಂಡು ಯೋಜಿಸಬೇಕು.

ಇದೆಲ್ಲ ಹೇಳಿದ ಮೇಲೂ, ಕಣ್ಣು ರಾಷ್ಟ್ರೀಯ ಉದ್ಯಾನಗಳ ಮೇಲೆ ಮಾತ್ರ ಇರುವುದು ಒಳ್ಳೆಯದಲ್ಲ. 2025ರ ಆರಂಭದಲ್ಲಿ ಫೆಡರಲ್ ನೇಮಕಾತಿಗೇ ತಡೆ ಬಿತ್ತು. ಒಹಾಯೊದಲ್ಲಿರುವ ರಾಷ್ಟ್ರೀಯ ಉದ್ಯಾನ ಕಯಹೋಗ ವ್ಯಾಲಿ ಒಂದೇ, ಆದರೆ ನಿಮ್ಮೂರಿನ ಮೆಟ್ರೋ ಪಾರ್ಕ್ಸ್ ಸೇರಿದಂತೆ ಕೌಂಟಿ ಪಾರ್ಕ್ ಡಿಸ್ಟ್ರಿಕ್ಟ್‌ಗಳು, ನಗರದ ರಿಕ್ರಿಯೇಶನ್ ಇಲಾಖೆಗಳು ರಾಜ್ಯದ ತುಂಬ ಇವೆ. ಆಟದ ಅಂಗಳ, ಈಜುಕೊಳ, ಬೇಸಿಗೆ ಶಿಬಿರ, ಹಿರಿಯರ ವ್ಯಾಯಾಮ ತರಗತಿ ನಡೆಸುವ ಈ ಇಲಾಖೆಗಳೇ ಈ ಓದಿನವರಿಗೆ ಹೆಚ್ಚಿನ ಕೆಲಸ ಕೊಡುವುದು. ಅಲ್ಲಿ ಮೇಲೇರಲು ನ್ಯಾಷನಲ್ ರಿಕ್ರಿಯೇಶನ್ ಆ್ಯಂಡ್ ಪಾರ್ಕ್ ಅಸೋಸಿಯೇಶನ್‌ನ ಸಿ.ಪಿ.ಆರ್.ಪಿ. (ಪಾರ್ಕ್, ರಿಕ್ರಿಯೇಶನ್ ವೃತ್ತಿಪರರ) ಸರ್ಟಿಫಿಕೇಟ್ ಕೇಳುತ್ತಾರೆ. ಎರಡು ವರ್ಷದ ಡಿಗ್ರಿಯವರು ನಾಲ್ಕು ವರ್ಷ ಪೂರ್ಣಾವಧಿ ಕೆಲಸ ಮಾಡಿ ಅದರ ಪರೀಕ್ಷೆಗೆ ಕೂರಬಹುದು. ಇದೇ ವಿಷಯದಲ್ಲಿ ನಾಲ್ಕು ವರ್ಷದ ಪದವಿ ಇದ್ದರೆ ಒಂದೇ ವರ್ಷದ ಅನುಭವ ಸಾಕು.

ನನ್ನ ಅಭಿಪ್ರಾಯ ಕೇಳಿದರೆ, ಡಿಗ್ರಿಯ ಹೆಸರಿಗಿಂತ ಆ ಎರಡು ವರ್ಷದ ನಡುವಿನ ಬೇಸಿಗೆ ಹೇಗೆ ಕಳೆಯಿತು ಎಂಬುದರ ಮೇಲೆ ನೇಮಕ ನಿಲ್ಲುತ್ತದೆ. ಒಳ್ಳೆಯ ಅಂಕ ಇದ್ದು ಒಂದು ಬೇಸಿಗೆಯೂ ಹೊರಗೆ ಕೆಲಸ ಮಾಡದವರನ್ನು ಕರೆಯುವುದು ಅಪರೂಪ.

ಕ್ರೆಡಿಟ್ ಲೆಕ್ಕ

ಮೇಲಿನ ಮಾತಿಗೆ ಒಂದು ಸೇರ್ಪಡೆ. ಬೇಸಿಗೆಯ ಕೆಲಸವನ್ನೇ ಕಾಲೇಜಿನ ಇಂಟರ್ನ್‌ಶಿಪ್ ಕ್ರೆಡಿಟ್ ಆಗಿಯೂ ತೋರಿಸಬಹುದು. ಆದರೆ ಕೆಲಸಕ್ಕೆ ಸೇರುವ ಮೊದಲೇ ನೋಂದಾಯಿಸಿ ಕಲಿಕೆಯ ಒಪ್ಪಂದಕ್ಕೆ ಮೇಲ್ವಿಚಾರಕರ ಸಹಿ ಹಾಕಿಸಿರಬೇಕು. ಮುಗಿಸಿ ಬಂದು ಕೇಳಿದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಬೇಸಿಗೆ ಸೆಮಿಸ್ಟರಿಗೆ ನೋಂದಾಯಿಸಿದರೆ ಆ ಕ್ರೆಡಿಟ್‌ಗೂ ಶುಲ್ಕ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕಾಲೇಜು ಆರಿಸುವಾಗ ತರಗತಿಯ ಹೊರಗಿನ ನೆಲ ನೋಡಿ. ನೆಲ್ಸನ್‌ವಿಲ್‌ನ ಹಾಕಿಂಗ್ ಕಾಲೇಜು ವೇಯ್ನ್ ರಾಷ್ಟ್ರೀಯ ಅರಣ್ಯದ ಮಗ್ಗುಲಲ್ಲಿದೆ, ಹಾಕಿಂಗ್ ಹಿಲ್ಸ್ ಹತ್ತಿರ, ನಿಮ್ಮಿಂದ ಯುಎಸ್ 33 ಹೆದ್ದಾರಿಯಲ್ಲಿ ನೇರ ದಾರಿ. ದೂರ ಹೋಗಲು ಸಿದ್ಧವಿದ್ದರೆ ಮಿನ್ನೆಸೋಟದ ಈಲಿಯಲ್ಲಿರುವ ವರ್ಮಿಲಿಯನ್ ಕ್ಯಾಂಪಸ್ ಬೌಂಡರಿ ವಾಟರ್ಸ್‌ನ ಅಂಚಿನಲ್ಲೇ ಇದೆ. 2022ರಿಂದ ಅದು ಮಿನ್ನೆಸೋಟ ನಾರ್ತ್ ಕಾಲೇಜಿನ ಭಾಗ. ಬೇರೆ ರಾಜ್ಯದ್ದಾದರೆ ‘ಒಹಾಯೊ ಟ್ರಾನ್ಸ್‌ಫರ್ 36’ರ ರಕ್ಷಣೆ ಅಲ್ಲಿಗೆ ತಲುಪುವುದಿಲ್ಲ ಎಂಬುದು ನೆನಪಿರಲಿ.

ಮಲೆನಾಡು ವೀಸಾ (ಉತ್ತರ)

ಅಣ್ಣನ ಮಗನ ವಿಷಯ. ಎಫ್-1 ವೀಸಾ ಕಮ್ಯುನಿಟಿ ಕಾಲೇಜಿಗೂ ಸಿಗುತ್ತದೆ, ಕಾಲೇಜಿಗೆ ಅಂತರರಾಷ್ಟ್ರೀಯ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಅನುಮತಿ ಇರಬೇಕು ಅಷ್ಟೆ. ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಓದಬೇಕು, ಅದರಲ್ಲಿ ಪೂರ್ತಿ ಆನ್‌ಲೈನ್ ಕೋರ್ಸು ಒಂದು ಮಾತ್ರ ಲೆಕ್ಕಕ್ಕೆ. ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಹೊರಗಿನ ಇಂಟರ್ನ್‌ಶಿಪ್‌ಗೆ ಒಂದು ಪೂರ್ತಿ ಶೈಕ್ಷಣಿಕ ವರ್ಷ ಮುಗಿದ ಮೇಲೆ ಸಿಪಿಟಿ (ಓದಿನ ಭಾಗವಾದ ಕೆಲಸದ) ಅನುಮತಿ ಬೇಕು. ಸಂಬಳವಿಲ್ಲದ ಇಂಟರ್ನ್‌ಶಿಪ್ ಆದರೂ ಕಾಲೇಜಿನ ವೀಸಾ ಅಧಿಕಾರಿಯನ್ನು ಕೇಳದೆ ಶುರು ಮಾಡಬಾರದು.

ಡಿಗ್ರಿಯ ನಂತರ 12 ತಿಂಗಳ ಒಪಿಟಿ (ಓದಿದ ವಿಷಯದಲ್ಲೇ ಕೆಲಸ ಮಾಡುವ ಅನುಮತಿ) ಸಿಗುತ್ತದೆ, ಮುಂದೆ ಬ್ಯಾಚುಲರ್ ಪದವಿ ಮುಗಿಸಿದರೆ ಮತ್ತೆ 12 ತಿಂಗಳು. ತೊಡಕು ಅದರಾಚೆ ಇದೆ. ಪಾರ್ಕ್ಸ್ ಆ್ಯಂಡ್ ರಿಕ್ರಿಯೇಶನ್ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯ ವಿಷಯವಲ್ಲ, ಆದ್ದರಿಂದ ಹೆಚ್ಚುವರಿ 24 ತಿಂಗಳು ಇಲ್ಲ. ಎಚ್-1ಬಿ ಉದ್ಯೋಗ ವೀಸಾಗೆ ಕನಿಷ್ಠ ಬ್ಯಾಚುಲರ್ ಪದವಿ ಬೇಡುವ ಹುದ್ದೆ ಇರಬೇಕು. ಫೆಡರಲ್ ಪಾರ್ಕ್ ಹುದ್ದೆಗಳಿಗೆ ಅಮೆರಿಕದ ಪೌರತ್ವ ಬೇಕು. ಮಗಳಿಗೆ ತೆರೆದಿರುವ ಬಾಗಿಲುಗಳಲ್ಲಿ ದೊಡ್ಡದು ಅವನಿಗೆ ಮುಚ್ಚಿದೆ ಎಂದಾಯಿತು. ಎರಡೇ ವರ್ಷ ಓದಿ ಊರಿಗೆ ಮರಳಿದರೆ ಅದನ್ನು ಭಾರತದಲ್ಲಿ ಪದವಿಗೆ ಸಮ ಎಂದು ಒಪ್ಪುವುದಿಲ್ಲ, ಪದವಿ ಅರ್ಹತೆ ಕೇಳುವ ಪರೀಕ್ಷೆಗಳಿಗೆ ಕೂರಲಾಗದು. ಹಾಗಾಗಿ ನಾಲ್ಕು ವರ್ಷವನ್ನೂ ಪೂರೈಸುವ ಹಣ ಕೈಯಲ್ಲಿಲ್ಲದೆ ಈ ಕೋರ್ಸಿಗೆಂದೇ ಅಮೆರಿಕಕ್ಕೆ ಹೊರಡುವುದನ್ನು ನಾನು ಒಪ್ಪುವುದಿಲ್ಲ.

ಅವನಿಗೆ ಊರಿನ ಹತ್ತಿರವೇ ಇರುವ ದಾರಿ ಬಿಎಸ್ಸಿ ಆನರ್ಸ್ ಫಾರೆಸ್ಟ್ರಿ. ಶಿರಸಿ ಮತ್ತು ಪೊನ್ನಂಪೇಟೆಯಲ್ಲಿ ಕಾಲೇಜುಗಳಿವೆ, ನಾಲ್ಕು ವರ್ಷ, ಪಿಯುಸಿ ವಿಜ್ಞಾನದವರಿಗೆ ಸಿಇಟಿ ಮೂಲಕ ಪ್ರವೇಶ. ಪ್ರವಾಸದ ಕಡೆ ಹೆಚ್ಚು ಒಲವಿದ್ದರೆ ರಜೆಯಲ್ಲಿ ನ್ಯಾಚುರಲಿಸ್ಟ್ ತರಬೇತಿ ಮಾಡಲಿ. 1980ರಲ್ಲಿ ಕಬಿನಿಯಿಂದ ಶುರುವಾದ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್‌ನಲ್ಲಿ ನ್ಯಾಚುರಲಿಸ್ಟ್ ಎಂಬುದೇ ಒಂದು ವೃತ್ತಿ. ಫಾರೆಸ್ಟ್ರಿ ಪದವಿಯ ಮೇಲೆ ಅಮೆರಿಕದಲ್ಲಿ ಪಾರ್ಕ್ಸ್ ಅಥವಾ ನೈಸರ್ಗಿಕ ಸಂಪನ್ಮೂಲದ ಮಾಸ್ಟರ್ಸ್‌ಗೆ ಅರ್ಜಿ ಹಾಕಿದರೆ ಸಹಾಯಕ ಹುದ್ದೆಯೊಂದಿಗೆ ಶುಲ್ಕ ವಿನಾಯಿತಿ ಸಿಗುವ ಸಾಧ್ಯತೆ ಇದೆ, ಕಮ್ಯುನಿಟಿ ಕಾಲೇಜಿನ ಹಂತದಲ್ಲಿ ಅಂಥದ್ದು ಇಲ್ಲವೆನ್ನುವಷ್ಟು ವಿರಳ. ಸಿಇಟಿ ಅರ್ಜಿಯ ದಿನಾಂಕ ತಪ್ಪದಂತೆ ಅವನಿಗೆ ಈ ವಾರವೇ ಫೋನ್ ಮಾಡಿ. ಕೃಷಿ ಕೋಟಾ ಅನ್ವಯಿಸುವುದಾದರೆ ಕುಟುಂಬದ ಜಮೀನಿನ ದಾಖಲೆ, ಆದಾಯ ಪ್ರಮಾಣಪತ್ರ ತೆಗೆಸಲು ನಾಡಕಚೇರಿಯಲ್ಲಿ ಸಮಯ ಹಿಡಿಯುತ್ತದೆ.